ನಗಸೋ ಪಾತ್ರ ಬೇಕು

ಕೊಟ್ರೇಶ: ಅಳ್ರೀ ಮುಷರ್ರಫ್ ಭಾಯ್, ಒಂದ್ ಹನಿ ಬಂದ್ರ ಸಾಕು.

ಮುಷರ್ರಫ್: ಹೆಂಗ ಅಳಲೋ? ಈಗಷ್ಟ ಬಿರಿಯಾನಿ ಉಂಡು ಬಂದೀನಿ.

ಮಾನ್ವಿ ಬಸ್ ನಿಲ್ದಾಣದ ಎದುರು ಮುಷರ್ರಫನದು ಚಪ್ಪಲಿ ಅಂಗಡಿ. ಸಣ್ಣವನಿದ್ದಾಗ ಪೋಲಿಯೋ ಬಂದು ಬಲಗಾಲು ಸಣಕಲಾಗಿದೆ. ಕೋಲು ಊರಿ ನಡೆಯುತ್ತಾನೆ. ಮದುವೆ ಮನೆಗಳಲ್ಲಿ ಜನರನ್ನು ನಗಿಸಿ ನಗಿಸಿ ತಾನೊಬ್ಬ ದೊಡ್ಡ ನಟನೆಂಬ ಹುಚ್ಚು ತಲೆಗೇರಿತ್ತು. ಅದಕ್ಕೇ ರಾಯಚೂರಿನಲ್ಲಿ ನಗೆ ವಿಡಿಯೋ ಮಾಡುವ ಕೊಟ್ರೇಶನಿಗೆ ತಾನೇ ಫೋನ್ ಮಾಡಿ ಕರೆಸಿದ್ದ. ಬಂದವನು ಕೋಲು ನೋಡಿದ್ದೇ ತಡ, ಮೊಬೈಲಿನಲ್ಲಿ ಶೋಕದ ಕೊಳಲು ಹಚ್ಚಿಬಿಟ್ಟ. ಗಲ್ಲಾದ ಮೇಲೆ ಕೂತ ಹೆಂಡತಿ ವಾಹಿದಾ ಎಲ್ಲ ನೋಡುತ್ತಿದ್ದಳು.

ಮುಷರ್ರಫ್: ನಿನಗ ಏನಂತ ಹೇಳಿದ್ದೆ? ನಗಸೋ ಪಾತ್ರ ಬೇಕು ಅಂತ.

ಕೊಟ್ರೇಶ: ನಿಮ್ಮನ್ನ ನೋಡಿ ಜನ ನಗಬಾರ್ದು ಭಾಯ್, ಸ್ಫೂರ್ತಿ ತಗೋಬೇಕು. ‘ಕಾಲು ಸೋತರೂ ಸೋಲದ ಛಲಗಾರ’ ಅಂತ ಹೆಸರು ಇಟ್ಟೀನಿ.

ವಾಹಿದಾ: ಯಾರು, ಇವರಾ? ಪಡಸಾಲ್ಯಾಗ ಕುಂತು, ನೀರು ಬೇಕಂದ್ರ ಅಡಗಿಮನಿಗೆ ಫೋನ್ ಹಚ್ಚತಾರಪ!

ಕೊಟ್ರೇಶ: ಪಾಪ, ಕಾಲು...

ಮುಷರ್ರಫ್: ಕಾಲಿನ ಮ್ಯಾಲ ಹಾಕಬ್ಯಾಡ. ಎರಡೂ ಗಟ್ಟಿ ಇದ್ದಿದ್ರೂ ನಾ ಏಳ್ತಿದ್ದಿಲ್ಲ. ಸೋಮಾರಿತನ ನನ್ನ ಸ್ವಂತ ಗಳಿಕಿ.

ಕೊಟ್ರೇಶ: ಅಂಗವಿಕಲರನ್ನ ಗೇಲಿ ಮಾಡ್ಯಾನ ಅಂತ ಕಾಮೆಂಟಿನ್ಯಾಗ ಬೈತಾರ್ರೀ.

ಮುಷರ್ರಫ್: ನನ್ನ ಗೇಲಿ ಮಾಡೋದು ಬ್ಯಾರೆ, ನಾ ನಗಸೋದು ಬ್ಯಾರೆ. ನಿಮ್ಮ ವಿಡಿಯೋದಾಗ ನಮಗ ಎರಡ ಕೆಲಸ: ಅಳೋದು, ಇಲ್ಲಾ ಗುಡ್ಡ ಹತ್ತೋದು. ಹೆಂಡ್ತಿ ಕೂಡ ಜಗಳಾಡೋ ಗಂಡ ಆಗಬಾರ್ದೇನು?

ನಗುತ್ತಲೇ ಅಂದ. ಕೊಟ್ರೇಶ ಕೊಳಲು ಬಂದ್ ಮಾಡಿದ.

ಕೊಟ್ರೇಶ: ಆತ್ರಿ, ಜಗಳಾನ ಮಾಡ್ರಿ. ಭಾಬಿ, ನೀವ ಹೆಂಡ್ತಿ.

ಕ್ಯಾಮೆರಾ ಶುರುವಾಯಿತು. ಬಜಾರಿನಲ್ಲಿ ಬಾಯಿ ಮುಚ್ಚದ ಮುಷರ್ರಫ್ ಕಂಬದಂತೆ ನಿಂತ.

ವಾಹಿದಾ: ಮೆಣಸಿನಕಾಯಿ ತರ್ರಿ ಅಂದ್ರ ಹಾಗಲಕಾಯಿ ತಂದೀರಲ್ರೀ?

ಮುಷರ್ರಫ್ (ಶಾಲೆ ಹುಡುಗರ ಭಾಷಣದ ದನಿಯಲ್ಲಿ): ಪ್ರಿಯ ಪತ್ನಿಯೇ! ನನ್ನನ್ನು ಕ್ಷಮಿಸು!

ವಾಹಿದಾ: ಅಯ್ಯ, ಯಾರ್ರೀ ನೀವು? ನಮ್ಮನಿಯವರನ್ನ ಎಲ್ಲಿಟ್ಟು ಬಂದೀರಿ?

ಕೊಟ್ರೇಶ ನಕ್ಕ ರಭಸಕ್ಕೆ ಕ್ಯಾಮೆರಾನೇ ಅಲ್ಲಾಡಿತು. ಮತ್ತೆ ಮತ್ತೆ ಮಾಡಿಸಿದ. ವಾಹಿದಾ ಪ್ರತಿ ಸಲ ಹೊಸದೊಂದು ಬೈಗುಳ ತೆಗೆದಳು. ಮುಷರ್ರಫ್ ಪ್ರತಿ ಸಲ ‘ಪ್ರಿಯ ಪತ್ನಿಯೇ’ ಅಂದ. ಕಡೆಗೆ ಕೊಟ್ರೇಶ ಸ್ಟ್ಯಾಂಡ್ ಮಡಚಿದ.

ಕೊಟ್ರೇಶ: ಬ್ಯಾಸರ ಮಾಡ್ಕೋಬ್ಯಾಡ್ರಿ ಭಾಯ್. ನಿಮಗ ಆ್ಯಕ್ಟಿಂಗ್ ಬರಂಗಿಲ್ಲ. ಮುಂದಿನ ವಿಡಿಯೋಕ್ಕ ಭಾಬಿನ್ನ ಕಳಸ್ರಿ.

ಮುಷರ್ರಫ್: ಕಾಲಿನ ಸಲುವಾಗಿ ಬ್ಯಾಡ ಅಂತೀ ಏನು?

ಕೊಟ್ರೇಶ: ಕಾಲು ಯಾರು ನೋಡಿದ್ರು? ಆ ಮುಖಾನ ನೋಡಾಕ ಆಗವಲ್ದು. ಕ್ಯಾಮೆರಾ ಮುಂದ ಒಣ ರೊಟ್ಟಿ ಆಗ್ತದ.

ಮುಷರ್ರಫ್ ಸಿಟ್ಟಾಗಲಿಲ್ಲ. ಮುಖ ಅರಳಿತು. ಖುಷಿಗೆ ಕೋಲಿನಿಂದ ನೆಲ ಕುಟ್ಟಿದ.

ಮುಷರ್ರಫ್: ಕೇಳಿದೇನ ವಾಹಿದಾ! ಜನ್ಮದಾಗ ಮೊದಲನೇ ಸಲ ಒಬ್ಬವ ನನ್ನ ಕಾಲು ಬಿಟ್ಟು ಮುಖ ನೋಡಿ ಬ್ಯಾಡ ಅಂದ!

ವಾಹಿದಾ: ಮೊದಲನೇ ಸಲ ಏನಲ್ಲ. ನಿಮ್ಮ ಸಂಬಂಧ ಬಂದಾಗ ನಮ್ಮನ್ಯಾಗ ಕಾಲಿನ ಮಾತು ಯಾರೂ ಎತ್ತಲಿಲ್ಲ. ಜಗಳ ಎಲ್ಲಾ ಆ ಮುಖದ ಮ್ಯಾಲನ ಆಗಿತ್ತು.