ನೀಲಿ ಬ್ಯಾಡ್ಜು, ಹಳದಿ ಬ್ಯಾಡ್ಜು

ತೊಂದರೆ ಶುರುವಾದದ್ದು ಒಂದು ಬ್ಯಾಡ್ಜಿನಿಂದ. ಅದೂ ಬೆಂಕಿಪೆಟ್ಟಿಗೆಯಷ್ಟು ದೊಡ್ಡದಾದ, ದಾರ ಪೋಣಿಸಿ ಕೊರಳಿಗೆ ಹಾಕಿಕೊಳ್ಳುವ, ನೀಲಿ ಬಣ್ಣದ ಬ್ಯಾಡ್ಜು.

ಲೈಸೆನ್ಸಿನ ನಿಯಮಗಳ ಪುಸ್ತಕದಲ್ಲಿ ನಲವತ್ತೊಂದನೆಯ ನಿಯಮ ಹೀಗಿತ್ತು: ಕೇಂದ್ರದೊಳಗೆ ಬ್ಯಾಡ್ಜಿಲ್ಲದೆ ಯಾರೂ ಇರಕೂಡದು, ಸಿಬ್ಬಂದಿಗೆ ನೀಲಿ, ಸದಸ್ಯರಿಗೆ ಹಳದಿ. ವ್ಯವಸ್ಥಾಪಕರು ಈ ನಿಯಮದ ಕೆಳಗೆ ಕೆಂಪು ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದು, ಐದು ನೀಲಿ ಮತ್ತು ಇಪ್ಪತ್ತು ಹಳದಿ ಬ್ಯಾಡ್ಜು ಮಾಡಿಸಿಟ್ಟಿದ್ದರು.

ಅವರನ್ನು ವ್ಯವಸ್ಥಾಪಕರು ಎಂದು ಕರೆಯುತ್ತಿರುವುದು ಅವರ ಸಂತೋಷಕ್ಕಾಗಿ. ವಿಮಾ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಗುಮಾಸ್ತರಾಗಿದ್ದಾಗ ಎಲ್ಲರೂ ಅವರನ್ನು ‘ಆ ಮೂಲೆ ಟೇಬಲ್ಲಿನವರು’ ಎನ್ನುತ್ತಿದ್ದರು. ನಿವೃತ್ತರಾಗಿ ಮನೆಗೆ ಬಂದ ಎಂಟು ತಿಂಗಳಲ್ಲಿ ಹೆಂಡತಿಯ ಅಡುಗೆಮನೆಯ ಡಬ್ಬಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿ, ಸಕ್ಕರೆಯ ಪಕ್ಕಕ್ಕೆ ಸಾಬೂನಿನ ಪುಡಿ ತಂದಿಟ್ಟು, ಒಂದು ಸಂಜೆಯ ಚಹಾ ನೊರೆ ಬರುವಂತೆ ಮಾಡಿದ್ದರು. ಮನುಷ್ಯನಿಗೆ ಏನಾದರೂ ಕೆಲಸ ಬೇಕು ಎಂದು ಹೆಂಡತಿ ಅಂದೇ ತೀರ್ಮಾನಿಸಿದ್ದಳು.

ಕೆಲಸ ಮನೆಯಲ್ಲೇ ಇತ್ತು. ಹೆಂಡತಿಯ ತಮ್ಮನಿಗೆ ಮೂವತ್ತಮೂರು ವರ್ಷ. ಹುಟ್ಟಿನಿಂದ ಅವನ ಬೆಳವಣಿಗೆ ತನ್ನದೇ ವೇಗದಲ್ಲಿ ನಡೆದದ್ದು. ವಿಶೇಷ ಶಾಲೆ ಹದಿನೆಂಟಕ್ಕೆ ಮುಗಿದಿತ್ತು. ಆಮೇಲೆ ಹೋಗಲು ಜಾಗವಿಲ್ಲದೆ ಹದಿನೈದು ವರ್ಷ ಕಿಟಕಿಯ ಪಕ್ಕ ಕೂತು, ಬಸ್ಸು ಎಷ್ಟು ನಿಮಿಷ ತಡ ಎಂದು ಬರೆದಿಡುತ್ತಿದ್ದ. ಹೊತ್ತಿನ ವಿಷಯದಲ್ಲಿ ಅವನ ಮಾತೇ ಕೊನೆ. ಹಾಗಾಗಿ ಬೀದಿಯಲ್ಲಿ ಎಲ್ಲರೂ ಅವನನ್ನು ಗಡಿಯಾರ ಎಂದೇ ಕರೆಯುತ್ತಿದ್ದರು. ಅವನಿಗೂ ಅದು ಇಷ್ಟವಾಗಿತ್ತು. ಅಂಥವರೇ ಇನ್ನೂ ನಾಲ್ವರು ಸುತ್ತಮುತ್ತಲ ಮನೆಗಳಲ್ಲಿ ಕಿಟಕಿ ಕಾಯುತ್ತಿದ್ದರು. ಇವರಿಗಾಗಿ ಹಗಲು ಕೇಂದ್ರವೊಂದನ್ನು ತೆರೆಯುವುದು ಎಂದಾಯಿತು. ಒಂಬತ್ತರಿಂದ ನಾಲ್ಕು, ಕೈಕೆಲಸ, ಹಾಡು, ಊಟ, ಒಂದಿಷ್ಟು ಸ್ನೇಹ. ವ್ಯವಸ್ಥಾಪಕರ ಎದೆಯಲ್ಲಿ ಇದು ನಿಜವಾಗಿಯೂ ಪ್ರೀತಿಯಿಂದ ಹುಟ್ಟಿದ ಯೋಚನೆ, ಅದರಲ್ಲಿ ಕುಹಕ ಬೇಡ. ಆದರೆ ಕೇಂದ್ರಕ್ಕೆ ಕುರ್ಚಿ ಬರುವ ಮೊದಲೇ ಅವರು ‘ವ್ಯವಸ್ಥಾಪಕರು’ ಎಂಬ ರಬ್ಬರ್ ಸ್ಟಾಂಪು ಮಾಡಿಸಿದ್ದೂ ನಿಜ. ಅರ್ಜಿಯಲ್ಲಿ ತಮ್ಮ ಸಹಿಯ ಮೇಲೆ ಅದನ್ನು ಎಷ್ಟು ಪ್ರೀತಿಯಿಂದ ಒತ್ತಿದ್ದರೆಂದರೆ, ಕೆಳಗಿದ್ದ ಹೆಸರು ಯಾರ ಕಣ್ಣಿಗೂ ಕಾಣುವಂತಿರಲಿಲ್ಲ.

ಇವತ್ತು ಲೈಸೆನ್ಸಿನ ತಪಾಸಣೆ. ಇವತ್ತು ತಪ್ಪಿದರೆ ಮುಂದಿನ ಸರದಿ ಏಳು ತಿಂಗಳ ಮೇಲೆ. ಅಲ್ಲಿಯವರೆಗೆ ಕೇಂದ್ರಕ್ಕೆಂದು ಬಾಡಿಗೆಗೆ ಗೊತ್ತುಮಾಡಿದ ಹಾಲ್ ಖಾಲಿ ಬಿಡಲಾರೆ, ಹಾಸಿಗೆ ಗೋದಾಮಿನವರು ಕೇಳುತ್ತಿದ್ದಾರೆ ಎಂದು ಮಾಲೀಕರು ಖಡಾಖಂಡಿತವಾಗಿ ಹೇಳಿದ್ದರು. ಅಂದರೆ ಇವತ್ತು ಆದರೆ ಕೇಂದ್ರ, ಇಲ್ಲದಿದ್ದರೆ ಗಡಿಯಾರನಿಗೆ ಮತ್ತೆ ಕಿಟಕಿ.

ಬೆಳಗ್ಗೆ ಒಂಬತ್ತಕ್ಕೆ ವ್ಯವಸ್ಥಾಪಕರು ಗಡಿಯಾರನ ಕೊರಳಿಗೆ ಹಳದಿ ಬ್ಯಾಡ್ಜು ಹಾಕಲು ಹೋದರು. ಅವನು ಒಂದು ಹೆಜ್ಜೆ ಹಿಂದೆ ಸರಿದ.

“ನಂಗೆ ನೀಲಿ.”

“ನೀಲಿ ಸಿಬ್ಬಂದಿಗಪ್ಪಾ. ನಿಂಗೆ ಹಳದಿ.”

“ಕುರ್ಚಿ ಹಾಕಿದ್ದು ಯಾರು ಭಾವ? ಹಾಜರಿ ಬರೆಯೋದು ಯಾರು? ಬೆಂಕಿ ಗಂಟೆ ಅಭ್ಯಾಸ ಮಾಡ್ಸಿದ್ದು ಯಾರು?”

ಮೂರಕ್ಕೂ ಉತ್ತರ ಒಂದೇ ಆಗಿತ್ತು. ವ್ಯವಸ್ಥಾಪಕರು ಸೋತು ನೀಲಿ ಕೊಟ್ಟರು. ಅದನ್ನು ನೋಡಿದ ಉಳಿದ ನಾಲ್ವರೂ ಬಂದು ಸಾಲಾಗಿ ಕೈಚಾಚಿದರು. ಅವರ ಮುಂದಾಳು ನಲವತ್ತರ ಒಬ್ಬ ಹೆಂಗಸು. ಯಾರ ಮನೆಯಲ್ಲಿ ಏನು ಕಳೆದರೂ ಹುಡುಕಿಕೊಡುವ ಈಕೆಗೆ ಪತ್ತೇದಾರಿ ಎಂದೇ ಹೆಸರು. ಹಳದಿ ಹಾಕಿಕೊಂಡರೆ ತನ್ನ ಮುಖ ಕಳೆಗುಂದುತ್ತದೆ ಎಂದು ಆಕೆ ಸ್ಪಷ್ಟವಾಗಿ ಹೇಳಿದಳು. ಅಲ್ಲಿಗೆ ಐದು ನೀಲಿಯೂ ಖಾಲಿ. ತಪಾಸಣೆಯ ಅಧಿಕಾರಿಣಿ ಬರುವಷ್ಟರಲ್ಲಿ ಬಣ್ಣ ಬದಲಾಯಿಸಿದರಾಯಿತು ಎಂದುಕೊಂಡು ವ್ಯವಸ್ಥಾಪಕರು ಸದ್ಯಕ್ಕೆ ತಾವೇ ಹಳದಿ ಹಾಕಿಕೊಂಡರು.

ಅಷ್ಟರಲ್ಲಿ ಹಾಲ್ ಮಾಲೀಕರು ಬಂದರು. ನೆಲದ ಮೇಲೆ ಗೀರು ಬಿದ್ದಿದೆಯೋ ಎಂದು ನೋಡಲು. ಅವರ ಹಿಂದೆ ಪಕ್ಕದ ಅಂಗಡಿಯ ದರ್ಜಿ, ಪರದೆ ಹೊಲಿಯುವ ಅಳತೆ ತಪ್ಪಿತ್ತೆಂದು ಟೇಪು ಹಿಡಿದು. ಅವರ ಹಿಂದೆ ಎದುರುಮನೆಯ ನಿವೃತ್ತ ಮೇಷ್ಟ್ರು, ಏನೂ ಕೆಲಸವಿಲ್ಲದ್ದರಿಂದ. ತಪಾಸಣೆ ಹೇಗೆ ಎದುರಿಸಬೇಕೆಂದು ಮೂವರೂ ಮೂರು ದಾರಿ ಹೇಳತೊಡಗಿದರು. ಇವರನ್ನು ಹೊರಗೆ ಕಳಿಸುವುದು ವ್ಯವಸ್ಥಾಪಕರ ಕೈಲಾಗದ ಮಾತು. ಗಡಿಯಾರ ಮಾತ್ರ ನಲವತ್ತೊಂದನೆಯ ನಿಯಮ ಓದಿ ಹೇಳಿ, ಮೂವರ ಕೊರಳಿಗೂ ಒಂದೊಂದು ಹಳದಿ ಬ್ಯಾಡ್ಜು ತೊಡಿಸಿದ. ಆಮೇಲೆ ಹಾಜರಿ ಪುಸ್ತಕ ತೆಗೆದು, ಎಡಗಡೆಯ ಪುಟದಲ್ಲಿ ನೀಲಿಯವರ ಹೆಸರು, ಬಲಗಡೆಯಲ್ಲಿ ಹಳದಿಯವರ ಹೆಸರು ದುಂಡಗೆ ಬರೆದ. ಕಣ್ಣಿಗೆ ಕಂಡದ್ದನ್ನೇ ಬರೆಯುವುದು ಅವನ ಪದ್ಧತಿ.

ಅಧಿಕಾರಿಣಿ ಹತ್ತಕ್ಕೆ ಬರಬೇಕಿತ್ತು, ಒಂಬತ್ತೂವರೆಗೇ ಬಂದರು. ಆ ಹೊತ್ತಿಗೆ ವ್ಯವಸ್ಥಾಪಕರು ನೆಲದ ಮೇಲೆ ಮಂಡಿಯೂರಿ ಔಷಧದ ಕಪಾಟಿನ ಕೆಳಗೆ ಕೈ ಹಾಕಿಕೊಂಡಿದ್ದರು. ಭದ್ರವಾಗಿರಲಿ ಎಂದು ಕನ್ನಡಕವನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದ್ದರು, ಬೀಗದ ಕೈ ಎಲ್ಲಿಟ್ಟರೆಂದು ನೆನಪಿರಲಿಲ್ಲ, ಹುಡುಕೋಣವೆಂದರೆ ಕನ್ನಡಕವಿರಲಿಲ್ಲ. ಪತ್ತೇದಾರಿ ಬಂದು, ಅವರ ಬೆನ್ನಿನ ಮೇಲೆ ಜೋಲುತ್ತಿದ್ದ ಬ್ಯಾಡ್ಜಿನ ದಾರವನ್ನು ಮುಂದಕ್ಕೆಳೆದಳು. ಕೀ ಅದರಲ್ಲೇ ಇತ್ತು.

“ದಿನಾ ಇದೇ ಕತೆ,” ಎಂದು ಆಕೆ ಬಾಗಿಲಲ್ಲಿ ನಿಂತಿದ್ದ ಅಧಿಕಾರಿಣಿಗೆ ಹೇಳಿದಳು. ಅಧಿಕಾರಿಣಿ ಮೆಚ್ಚುಗೆಯಿಂದ ತಲೆದೂಗಿ ಏನೋ ಬರೆದುಕೊಂಡರು.

ವ್ಯವಸ್ಥಾಪಕರು ಧೂಳು ಕೊಡವಿಕೊಂಡು ಎದ್ದು, ಕೈಮುಗಿದು, ತಾನೇ ಇಲ್ಲಿಯ ವ್ಯವಸ್ಥಾಪಕ ಎಂದರು. ಅಧಿಕಾರಿಣಿ ಅವರ ಹಳದಿ ಬ್ಯಾಡ್ಜು ನೋಡಿದರು. ಆಮೇಲೆ ಅವರ ಕಡೆ ಬಾಗಿ, ಒಂದೊಂದೇ ಮಾತನ್ನು ಬಿಡಿಬಿಡಿಯಾಗಿ, ಸ್ವಲ್ಪ ಜೋರಾಗಿ ಹೇಳಿದರು:

“ಹೌದಾ? ತುಂಬಾ ಒಳ್ಳೇದು. ತುಂಬಾ ಚೆನ್ನಾಗಿ ಮಾಡ್ತಿದೀರ.”

ಬೆನ್ನು ಬೇರೆ ತಟ್ಟಿದರು. ವ್ಯವಸ್ಥಾಪಕರಿಗೆ ಮೊದಲು ಖುಷಿಯಾಯಿತು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವರಿಗೆ ಯಾವ ಅಧಿಕಾರಿಯೂ ಹೀಗೆ ಹೇಳಿರಲಿಲ್ಲ. ಆಮೇಲೆ ಏನೋ ಇರುಸುಮುರುಸಾಯಿತು. ಅಷ್ಟರಲ್ಲಿ ಅಧಿಕಾರಿಣಿ ತಮ್ಮ ಕ್ರಮ ಹೇಳಿಬಿಟ್ಟರು: ತಪಾಸಣೆ ಮುಗಿಯುವವರೆಗೆ ಯಾರೂ ಯಾರ ಪರಿಚಯವನ್ನೂ ಮಾಡಿಕೊಡಬಾರದು, ವಿವರಣೆ ಕೊಡಬಾರದು, ನಡುವೆ ಬಾಯಿ ಹಾಕಿದರೆ ಅರ್ಜಿ ಅಲ್ಲಿಗೇ ರದ್ದು. ವ್ಯವಸ್ಥಾಪಕರ ಬಾಯಿ ತೆರೆದದ್ದು ಹಾಗೇ ಮುಚ್ಚಿಕೊಂಡಿತು.

ಗಡಿಯಾರ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ: “ಬೇಜಾರು ಮಾಡ್ಕೋಬೇಡಿ ಭಾವ. ನನ್ ಹತ್ರಾನೂ ಎಲ್ರೂ ಹಾಗೇ ಮಾತಾಡ್ತಾರೆ. ಅಭ್ಯಾಸ ಆಗುತ್ತೆ.”

ವ್ಯವಸ್ಥಾಪಕರಿಗೆ ಚುರುಕ್ಕೆಂದಿತು. ತಾನೂ ಹದಿನೈದು ವರ್ಷ ಅವನ ಜೊತೆ ಹೀಗೇ ಮಾತಾಡಿದ್ದೇನಲ್ಲ ಎಂದು ನೆನೆದು ನಿಜಕ್ಕೂ ನಾಚಿಕೆಯಾಯಿತು. ಆದರೆ ನಾಚಿಕೊಳ್ಳಲು ಸಮಯವೆಲ್ಲಿತ್ತು? ಮುಂದಿನದು ಕೈಕೆಲಸದ ವಿಭಾಗ.

ಅಲ್ಲಿ ನೀಲಿಯವರು ಲಕೋಟೆ ಅಂಟಿಸುತ್ತಿದ್ದರು. ಹಳದಿಯವರೂ ಕೂತರು. ಮೇಷ್ಟ್ರು ಒಂದೂ ಲಕೋಟೆ ಮಾಡದೆ, ಅಂಟು ಯಾಕೆ ಅಂಟುತ್ತದೆ ಎಂಬುದನ್ನು ಗೋಡೆಗೆ ವಿವರಿಸುತ್ತಿದ್ದರು. ದರ್ಜಿ ಪ್ರತಿಯೊಂದು ಕಾಗದವನ್ನೂ ಮೂರು ಸಲ ಅಳೆದು, ಕೊನೆಗೆ ತನ್ನ ಅಂಗಿಯ ತೋಳನ್ನು ಮೇಜಿಗೆ ಅಂಟಿಸಿಕೊಂಡರು. ಮಾಲೀಕರು ಮೇಜಿನ ಕೆಳಗೆ ತೂರಿ ನೆಲದ ಗೀರುಗಳನ್ನು ಎಣಿಸುತ್ತಿದ್ದರು. ಅಧಿಕಾರಿಣಿ ಕನಿಕರದಿಂದ ನೋಡಿ, ಇಷ್ಟು ಹೆಚ್ಚಿನ ನೆರವು ಬೇಕಾದವರನ್ನು ಇಟ್ಟುಕೊಂಡು ಇಷ್ಟು ತಾಳ್ಮೆಯಿಂದ ನಡೆಸುವುದು ಸುಲಭವಲ್ಲ ಎಂದು ಗಡಿಯಾರನಿಗೆ ಹೇಳಿದರು. ಸುಲಭವಲ್ಲ ಎಂದು ಅವನೂ ಒಪ್ಪಿಕೊಂಡ.

ವ್ಯವಸ್ಥಾಪಕರಿಗೆ ಬೆವರು ಕಿತ್ತುಕೊಂಡು ಬಂತು. ಮುಖ ತೊಳೆಯಲು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡರು. ಸರಿಯಾಗಿ ಆಗಲೇ ಅಧಿಕಾರಿಣಿ ಬೆಂಕಿ ಗಂಟೆ ಬಾರಿಸಿದರು. ಎರಡು ನಿಮಿಷದಲ್ಲಿ ಎಲ್ಲರೂ ಅಂಗಳದಲ್ಲಿರಬೇಕು. ಇದೊಂದರಲ್ಲಿ ತಪ್ಪಿದರೆ ಲೈಸೆನ್ಸು ಇಲ್ಲ.

ಐದು ನೀಲಿ ಬ್ಯಾಡ್ಜುಗಳು ಕೆಲಸ ಕೆಳಗಿಟ್ಟು, ಸಾಲಾಗಿ ಬಾಗಿಲ ಕಡೆ ನಡೆದವು. ಗಡಿಯಾರ ಅವರಿಗೆ ಇದನ್ನು ನಲವತ್ತು ಸಲ ಅಭ್ಯಾಸ ಮಾಡಿಸಿದ್ದ. ಮಾಲೀಕರು ಮಾತ್ರ ಫ್ಯಾನು ಆರಿಸಲು ಹಿಂದಕ್ಕೆ ಓಡಿದರು. ದರ್ಜಿ ಮೇಜಿನ ಜೊತೆ ಹೊರಟರು. ಮೇಷ್ಟ್ರು ಹೊಗೆಯಿಲ್ಲದೆ ಬೆಂಕಿ ಹೇಗೆ ಬಂತು ಎಂದು ಬಾಗಿಲಿಗೆ ಅಡ್ಡ ನಿಂತು ಪ್ರಶ್ನಿಸಿದರು. ಪತ್ತೇದಾರಿ ಅವರ ಕೈ ಹಿಡಿದು ನಡೆಸಿದಳು, ಇನ್ನಿಬ್ಬರು ದರ್ಜಿಯ ತೋಳು ಬಿಡಿಸಿದರು, ಮತ್ತೊಬ್ಬ ಮಾಲೀಕರನ್ನು ಸೊಂಟ ಹಿಡಿದು ಎತ್ತಿಕೊಂಡೇ ಬಂದ. ಗಡಿಯಾರ ತಲೆ ಎಣಿಸಿ, ಒಬ್ಬರು ಕಡಿಮೆ ಎಂದು ಹೇಳಿ, ನೆಟ್ಟಗೆ ಬಚ್ಚಲುಮನೆಗೆ ನಡೆದ. ಒಳಗಿನಿಂದ ಬಾಗಿಲು ಬಡಿಯುವ ಸದ್ದು ಕೇಳುತ್ತಿತ್ತು.

“ಚಿಲಕ ಎಳೀಬೇಡಿ ಭಾವ, ಮೇಲಕ್ಕೆ ಎತ್ತಿ. ಮೊನ್ನೆ ಹೇಳ್ಕೊಟ್ಟಿದ್ದೀನಲ್ಲ.”

ಒಂದು ನಿಮಿಷ ಐವತ್ತೆಂಟು ಸೆಕೆಂಡಿಗೆ ವ್ಯವಸ್ಥಾಪಕರು ಗಡಿಯಾರನ ಕೈ ಹಿಡಿದು, ಮುಖದಿಂದ ನೀರು ಸುರಿಸುತ್ತ ಅಂಗಳಕ್ಕೆ ಬಂದರು. ಅಧಿಕಾರಿಣಿಯ ಕಣ್ಣು ತುಂಬಿ ಬಂದಿತ್ತು.

ಆ ಹೊತ್ತಿಗೆ ಊಟದ ಬುತ್ತಿ ಹಿಡಿದು ವ್ಯವಸ್ಥಾಪಕರ ಹೆಂಡತಿ ಗೇಟಿನ ಹತ್ತಿರ ಬಂದಳು. ಒದ್ದೆ ಮುಖದ ಗಂಡನನ್ನು ನೋಡಿ ಸೆರಗಿನಿಂದ ಒರೆಸಿದಳು. ಇವರ ಮನೆಯವರಾ ಎಂದು ಅಧಿಕಾರಿಣಿ ಕೇಳಿದರು. ಹೌದು ಎಂದಳು. ಅಧಿಕಾರಿಣಿ ಆಕೆಯನ್ನು ಹೊಂಗೆಮರದ ಕೆಳಗಿನ ಬೆಂಚಿಗೆ ಕರೆದೊಯ್ದು, ಒಂದು ಫಾರಂ ತೆಗೆದು ಪ್ರಶ್ನೆ ಕೇಳತೊಡಗಿದರು. ವ್ಯವಸ್ಥಾಪಕರಿಗೆ ದೂರದಿಂದ ಮಾತು ಕೇಳಿಸಲಿಲ್ಲ. ಹೆಂಡತಿ ಎಲ್ಲ ಸರಿಪಡಿಸುತ್ತಾಳೆ ಎಂಬ ಧೈರ್ಯ ಮಾತ್ರ ಬಂತು. ಬೆಂಚಿನ ಮೇಲೆ ನಡೆದದ್ದು ಹೀಗೆ.

“ಇವರು ತಮ್ಮ ಅಡುಗೆ ತಾವೇ ಮಾಡ್ಕೋತಾರಾ?”

“ಇಲ್ಲ.”

“ತಮ್ಮ ಬಟ್ಟೆ ಎಲ್ಲಿದೆ ಅಂತ ಗೊತ್ತಾ?”

“ಇಲ್ಲ.”

“ದಿನಚರಿ ಸ್ವಲ್ಪ ಬದಲಾದ್ರೆ ಸಿಟ್ಟು ಬರುತ್ತಾ?”

“ಚಹಾ ಹತ್ತು ನಿಮಿಷ ತಡ ಆದ್ರೆ ಅರ್ಧ ದಿನ ಮಾತಿಲ್ಲ.”

“ಎಷ್ಟು ವರ್ಷದಿಂದ ಹೀಗೆ?”

“ನಾನು ಮದುವೆಯಾಗಿ ಬಂದಾಗಿನಿಂದ. ಅದಕ್ಕೆ ಮೊದಲಿಂದೂ ಇತ್ತು ಅಂತ ನಮ್ಮತ್ತೆ ಹೇಳ್ತಿದ್ರು.”

ಫಾರಂ ತುಂಬಿತು. ಹೆಂಡತಿ ಎಲ್ಲಿ ಸಹಿ ಮಾಡಬೇಕೆಂದು ಕೇಳಿ, ಅಲ್ಲಿ ಸಹಿ ಮಾಡಿದಳು.

ಮಧ್ಯಾಹ್ನ ಅಧಿಕಾರಿಣಿ ಹಾಜರಿ ಪುಸ್ತಕದ ಎರಡೂ ಪುಟಗಳನ್ನು ನೋಡಿ ಹೆಸರುಗಳನ್ನು ತುಂಬಿ, ಲೈಸೆನ್ಸನ್ನು ಗಡಿಯಾರನ ಕೈಗೆ ಕೊಟ್ಟು, ಇಷ್ಟು ಒಳ್ಳೆಯ ಸಿಬ್ಬಂದಿಯನ್ನು ತಮ್ಮ ಸರ್ವೀಸಿನಲ್ಲೇ ನೋಡಿಲ್ಲವೆಂದು ಹೇಳಿ ಜೀಪು ಹತ್ತಿದರು. ವ್ಯವಸ್ಥಾಪಕರು ಕನ್ನಡಕ ಹಾಕಿಕೊಂಡು ಓದಿದರು. ವ್ಯವಸ್ಥಾಪಕರು ಎಂಬಲ್ಲಿ ಗಡಿಯಾರನ ಹೆಸರಿತ್ತು. ಸಿಬ್ಬಂದಿ, ಪತ್ತೇದಾರಿ ಮತ್ತು ಮೂವರು. ಸದಸ್ಯರು: ಹಾಲ್ ಮಾಲೀಕರು, ದರ್ಜಿ, ಮೇಷ್ಟ್ರು, ಮತ್ತು ನಾಲ್ಕನೆಯವರಾಗಿ, ‘ಸತತ ನೆರವು ಬೇಕು’ ಎಂಬ ಷರಾದೊಂದಿಗೆ, ತಾವು.

ಕಚೇರಿಗೆ ಫೋನು ಮಾಡಿದರು. ತಿದ್ದುಪಡಿ ಮಾಡುವ ಪದ್ಧತಿಯೇ ಇಲ್ಲ. ಲೈಸೆನ್ಸು ರದ್ದುಮಾಡಿಸಿ ಹೊಸದಾಗಿ ಅರ್ಜಿ ಹಾಕಬಹುದು, ಸರದಿ ಏಳು ತಿಂಗಳ ಮೇಲೆ ಎಂದು ಗುಮಾಸ್ತ ಹೇಳಿದ. ವ್ಯವಸ್ಥಾಪಕರು ಗಡಿಯಾರನ ಕಡೆ ನೋಡಿದರು. ಅವನು ಲೈಸೆನ್ಸನ್ನು ಗೋಡೆಗೆ ನೇತುಹಾಕಿ, ಓರೆಯಾಗಿದೆಯೇ ಎಂದು ದೂರ ನಿಂತು ನೋಡುತ್ತಿದ್ದ. ಹದಿನೈದು ವರ್ಷದಲ್ಲಿ ಅವನ ಮುಖ ಅಷ್ಟು ಬೆಳಗಿದ್ದನ್ನು ಅವರು ನೋಡಿರಲಿಲ್ಲ. ಅವರು ಫೋನು ಇಟ್ಟುಬಿಟ್ಟರು.

ಆಮೇಲೆ ಸಿಟ್ಟೆಲ್ಲ ಹೆಂಡತಿಯ ಮೇಲೆ ತಿರುಗಿತು. “ಅಷ್ಟೆಲ್ಲ ಕೇಳ್ತಿದ್ರೂ ಏನೋ ಎಡವಟ್ಟಾಗಿದೆ ಅಂತ ನಿಂಗೆ ಗೊತ್ತಾಗ್ಲಿಲ್ವಾ?”

“ಎರಡನೇ ಪ್ರಶ್ನೆಗೇ ಗೊತ್ತಾಯ್ತು ರೀ,” ಎಂದಳು ಹೆಂಡತಿ, ಖಾಲಿ ಬುತ್ತಿ ಜೋಡಿಸುತ್ತ. “ಆದ್ರೆ ವಾರಕ್ಕೆ ಆರು ದಿನ, ಒಂಬತ್ತರಿಂದ ನಾಲ್ಕು ಅಂದ್ರು. ಸಕ್ಕರೆ ಡಬ್ಬ ನೆನಪಾಯ್ತು. ಸಹಿ ಮಾಡ್ದೆ.”

ಆಕೆ ಹೋದ ಮೇಲೆ ವ್ಯವಸ್ಥಾಪಕರು, ಅಂದರೆ ಮಾಜಿ ವ್ಯವಸ್ಥಾಪಕರು, ಮೂರೂಕಾಲು ಗಂಟೆಗೆ ಚಪ್ಪಲಿ ಮೆಟ್ಟಿದರು. ಮನೆಗೆ ಹೋಗಿ ಒಂದು ಗಳಿಗೆ ಅಡ್ಡಾಗೋಣವೆಂದು. ಬಾಗಿಲಲ್ಲಿ ಗಡಿಯಾರ ಹಾಜರಿ ಪುಸ್ತಕ ಹಿಡಿದು ನಿಂತಿದ್ದ. ಸ್ಟಾಂಪು ಆಗಲೇ ಅವನ ಜೇಬಿನಲ್ಲಿತ್ತು.

“ಇನ್ನೂ ನಲವತ್ತೈದು ನಿಮಿಷ ಇದೆ ಭಾವ. ಮನೆಯವರ ಸಹಿ ಇಲ್ದೆ ಮುಂಚೆ ಬಿಡೋ ಹಾಗಿಲ್ಲ.”

“ನಿಮ್ಮಕ್ಕನಿಗೆ ಫೋನ್ ಮಾಡಿ ಕೇಳು ಮತ್ತೆ.”

“ಕೇಳ್ದೆ. ಐದು ಗಂಟೆ ಆದ್ರೂ ಪರವಾಗಿಲ್ಲ ಅಂದ್ಲು.”

ಅವರು ಮರಳಿ ಬಂದು ಮೇಷ್ಟ್ರ ಪಕ್ಕ ಕೂತು ಒಂದು ಲಕೋಟೆ ಅಂಟಿಸಿದರು. ಅದು ಸೊಟ್ಟಗಾಯಿತು. ಗಡಿಯಾರ ಬಂದು ಅದನ್ನು ಎತ್ತಿ ನೋಡಿದ. ಅವರ ಕಡೆ ಬಾಗಿ, ಒಂದೊಂದೇ ಮಾತನ್ನು ಬಿಡಿಬಿಡಿಯಾಗಿ, ಸ್ವಲ್ಪ ಜೋರಾಗಿ, ನಗು ತಡೆಯಲಾರದೆ ಹೇಳಿದ:

“ತುಂಬಾ ಒಳ್ಳೇದು ಭಾವ. ತುಂಬಾ ಚೆನ್ನಾಗಿ ಮಾಡ್ತಿದೀರ.”

ಬೆನ್ನು ಬೇರೆ ತಟ್ಟಿದ.