ಕಲ್ಲಿನೊಳಗಿನ ಅನಿಲಕ್ಕೆ ಭವಿಷ್ಯ ಹೇಳುವವರಿಗೆ, ತಣ್ಣಗಾದ ಕುಲುಮೆಯಿಂದ

ಮಾನ್ಯರೇ,

ಅನಿಲ ಕಂಪನಿಯ ಮುಖ್ಯ ಬೆಲೆ ಮುನ್ಸೂಚಕರೂ, ಪತ್ರಿಕೆಯ ಸೋಮವಾರದ ಅಂಕಣಕಾರರೂ, ಇನ್ನೂ ನಡೆಯದ ಸಂಗತಿಗಳನ್ನು ನಡೆದುಹೋದವುಗಳಿಗಿಂತ ಚೆನ್ನಾಗಿ ಬಲ್ಲವರೂ ಆದ ತಮಗೆ, ಗಾಜಿನ ಕಾರ್ಖಾನೆಯ ಒಡತಿಯೊಬ್ಬಳ ಆದರಪೂರ್ವಕ ನಮಸ್ಕಾರಗಳು. ತಾವು ಕ್ಷೇಮವೆಂದೂ ತಮ್ಮ ಕಚೇರಿ ಬೆಚ್ಚಗಿದೆಯೆಂದೂ ನಂಬಿದ್ದೇನೆ. ನಾವೂ ಕ್ಷೇಮ, ಬೆಚ್ಚಗಿರುವ ವಿಚಾರವನ್ನು ಮುಂದೆ ವಿವರವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ಪತ್ರವನ್ನು ಹೀಗೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಮುಚ್ಚಿದ ಲಕೋಟೆಯಲ್ಲಿ ಮೂರು ಸಲ ಬರೆದಿದ್ದೆ, ಮೂರಕ್ಕೂ ‘ತಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಬಂತು. ಅಷ್ಟು ಅಮೂಲ್ಯವಾದದ್ದನ್ನು ತಮ್ಮೊಬ್ಬರ ಬಳಿಯೇ ಇರಗೊಡುವುದು ಸರಿಯಲ್ಲವೆನಿಸಿತು.

ನಮ್ಮದು ದೊಡ್ಡ ಕಾರ್ಖಾನೆಯೇನಲ್ಲ. ರೈಲು ಹಳಿಯ ಪಕ್ಕ ತಗಡಿನ ಮಾಡಿನ ಒಂದು ಶೆಡ್ಡು, ಅದರ ನಡುವೆ ಅಪ್ಪ ಕಟ್ಟಿಸಿದ ಕುಲುಮೆ, ಕುಲುಮೆಯ ಸುತ್ತ ಎಂಟು ಜನ ಕೆಲಸಗಾರರು. ಔಷಧಿಯ ಬಾಟಲಿ, ಹೂದಾನಿ, ದೀಪದ ಗಾಜು ಮಾಡುತ್ತಿದ್ದೆವು. ಗಾಜಿನ ಕುಲುಮೆಯ ಸ್ವಭಾವ ತಮಗೆ ತಿಳಿಯದಿರಬಹುದು, ಅದು ನಡೆದುಹೋದ ಸಂಗತಿಗಳ ಪೈಕಿಗೆ ಸೇರಿದ್ದು ನೋಡಿ. ಒಮ್ಮೆ ಹೊತ್ತಿಸಿದರೆ ಅದನ್ನು ರಜೆಗಾಗಲಿ ಮದುವೆಗಾಗಲಿ ಸಾವಿಗಾಗಲಿ ಆರಿಸುವಂತಿಲ್ಲ. ಉರಿ ತಪ್ಪಿದರೆ ಒಳಗಿನ ಗಾಜಿನ ಪಾಕ ಹೆಪ್ಪುಗಟ್ಟಿ ಕಲ್ಲಾಗುತ್ತದೆ, ಅದನ್ನು ಹಿಡಿದಿಟ್ಟ ಇಟ್ಟಿಗೆ ಸೀಳಿಹೋಗುತ್ತದೆ. ಅಪ್ಪ ತೀರಿಕೊಂಡ ದಿನ ನಮ್ಮ ಹಿರಿಯ ಕೆಲಸಗಾರ, ಕೊಳವೆಯಲ್ಲಿ ಗಾಜು ಊದೀ ಊದೀ ಎಲ್ಲರ ಬಾಯಲ್ಲೂ ‘ಊದಣ್ಣ’ನೇ ಆಗಿಹೋದವನು, ಉರಿ ನೋಡಿಕೊಳ್ಳುತ್ತ ಕುಲುಮೆಯ ಬಳಿಯೇ ಉಳಿದು, ಮರುದಿನ ಮನೆಗೆ ಬಂದು ಅತ್ತ.

ಆ ಕುಲುಮೆ ಉರಿಯುತ್ತಿದ್ದದ್ದು ದಪ್ಪ ಕಪ್ಪೆಣ್ಣೆಯಾದ ಫರ್ನೇಸ್ ಆಯಿಲ್‌ನಿಂದ. ಶೆಡ್ಡಿನ ಹಿಂದೆ ಅದರ ಟ್ಯಾಂಕು ಇತ್ತು, ಮೇಲೆ ಕಪ್ಪು ಹೊಗೆ ಇತ್ತು, ಪಕ್ಕದ ಮನೆಯವರ ಒಣಹಾಕಿದ ಬಟ್ಟೆಯ ಬಗ್ಗೆ ವಾರಕ್ಕೊಂದು ಜಗಳವೂ ಇತ್ತು. ಹೀಗೆ ನಾವು ಕತ್ತಲಲ್ಲಿ ಕೊಳೆಯುತ್ತಿದ್ದಾಗ ತಮ್ಮ ಅಂಕಣ ಆರಂಭವಾಯಿತು. ನನ್ನ ತಮ್ಮ ಪ್ರತಿ ಸೋಮವಾರ ಅಡುಗೆಮನೆಯ ಮೇಜಿನ ಮುಂದೆ ಕುಳಿತು ಅದನ್ನು ಗಟ್ಟಿಯಾಗಿ ಓದುತ್ತಿದ್ದ. ನೆಲದಾಳದ ಪದರಗಲ್ಲಿನಲ್ಲಿ ಅನಿಲ ಸಿಕ್ಕಿಕೊಂಡಿದೆಯೆಂದೂ, ಇಷ್ಟು ದಿನ ಯಾರ ಕೈಗೂ ಎಟುಕದ ಅದನ್ನು ಈಗ ಕೆಳಕ್ಕೆ ಕೊರೆದು, ಅಲ್ಲಿಂದ ಅಡ್ಡಕ್ಕೆ ಕೊರೆದು, ನೀರು ಮರಳು ನುಗ್ಗಿಸಿ, ಬಂಡೆಯನ್ನು ಬಿರುಕುಬಿಡಿಸಿ ಹೊರತೆಗೆಯುತ್ತಾರೆಂದೂ, ಇಂಥದ್ದಕ್ಕೆ ‘ಅಸಾಂಪ್ರದಾಯಿಕ ಅನಿಲ’ ಎಂದು ಹೆಸರೆಂದೂ ನಮಗೆ ತಿಳಿದದ್ದು ತಮ್ಮಿಂದಲೇ.

“ಅಸಾಂಪ್ರದಾಯಿಕ ಅಂದ್ರೆ ಮರ್ಯಾದಸ್ಥ ಮನೆತನದ್ದಲ್ಲ ಅಂತಲೇನೋ?” ಎಂದು ಅಮ್ಮ ಕೇಳಿದರು. ನನ್ನ ತಮ್ಮ ನಕ್ಕ. “ಅಲ್ಲ ಕಣೋ, ಕಲ್ಲಿಗೆ ಅಷ್ಟು ನೀರು ಕುಡಿಸಿ ಗ್ಯಾಸು ಕಕ್ಕಿಸ್ತಾರಲ್ಲ, ಆಮೇಲೆ ಆ ನೀರು ಎಲ್ಲಿಗೆ ಹೋಗುತ್ತೆ?” ಎಂದು ಮತ್ತೆ ಕೇಳಿದರು. “ಅದು ಮುಂದಿನ ಸೋಮವಾರ ಬರುತ್ತೆ, ಇರಮ್ಮ” ಎಂದ. ಅಮ್ಮ ಇನ್ನೂ ಕಾಯುತ್ತಿದ್ದಾರೆ. ವಯಸ್ಸು ಎಪ್ಪತ್ತಾರು, ಸಾಧ್ಯವಾದರೆ ಸ್ವಲ್ಪ ಬೇಗ ಬರೆಯಿರಿ.

‘ನೂರು ವರ್ಷಕ್ಕೆ ಸಾಲುವಷ್ಟು ಅಗ್ಗದ ಅನಿಲ’ ಎಂದು ತಾವು ಬರೆದ ವಾರ ನನ್ನ ತಮ್ಮನಿಗೆ ನಿದ್ದೆ ಬರಲಿಲ್ಲ. ಬೆಲೆಯೂ ನಿಜಕ್ಕೂ ಇಳಿಯುತ್ತಲೇ ಇತ್ತು, ಇಲ್ಲವೆನ್ನಲಾರೆ. ತಮ್ಮ ಕಂಪನಿಯ ಪ್ರತಿನಿಧಿಯಾದ ಹುಡುಗಿಯೊಬ್ಬಳು ಅಚ್ಚುಕಟ್ಟಾದ ಫಾರಂ ಹಿಡಿದು ಬಂದಳು. ಅದರಲ್ಲಿ ಎರಡು ಬಗೆಯ ಗ್ರಾಹಕರು: ಬರೀ ಗ್ರಾಹಕರು ಮತ್ತು ‘ಹೊಂದಾಣಿಕೆಯ ಗ್ರಾಹಕರು’. ಹೊಂದಾಣಿಕೆಯವರಿಗೆ ದರ ಇನ್ನೂ ಕಡಿಮೆ. ಹೊಂದಾಣಿಕೆ ಎಂದರೇನೆಂದು ನಾನು ಕೇಳಿದ್ದಕ್ಕೆ, “ಗ್ಯಾಸು ತುಂಬಾ ಕಮ್ಮಿಯಾದಾಗ ನಿಮ್ಮದನ್ನ ಸ್ವಲ್ಪ ಹೊತ್ತು ನಿಲ್ಲಿಸಬಹುದು ಅಂತ ಮೇಡಂ, ಹೆಸರಿಗಷ್ಟೇ. ನಿಮ್ಮ ಬೀದಿಯಲ್ಲಿ ಇದುವರೆಗೂ ಒಂದ್ಸಲಾನೂ ನಿಲ್ಲಿಸಿಲ್ಲ” ಎಂದಳು. ಅದು ಪೂರ್ತಿ ಸತ್ಯ. ನಮ್ಮ ಬೀದಿಗೆ ಕೊಳವೆ ಹಾಕಿ ಆಗ ಒಂದು ತಿಂಗಳಾಗಿತ್ತು. ಸಹಿ ಮಾಡಿದ್ದು ನಾನು. ತಮ್ಮ ತಪ್ಪುಗಳ ಬಗ್ಗೆ ಬರೆಯಲು ಕುಳಿತವಳು ನನ್ನದನ್ನು ಮುಚ್ಚಿಡುವುದು ಸರಿಯಲ್ಲ.

ಕಂಪನಿಯವರು ಉರಿ ಆರಿಸದೆಯೇ ಬರ್ನರ್ ಬದಲಿಸಿದರು. ಎಣ್ಣೆಯ ಟ್ಯಾಂಕು ತೆಗೆಸುವ ವಿಚಾರಕ್ಕೆ ಮಾತ್ರ ಊದಣ್ಣ ಅಡ್ಡ ನಿಂತ. “ಅದರ ಪಾಡಿಗೆ ಅದು ಹಿಂದೆ ಬಿದ್ದಿರಲಿ ಬಿಡಮ್ಮ, ಊಟ ಕೇಳುತ್ತಾ?” ಎಂದ. ನನ್ನ ತಮ್ಮ ಪತ್ರಿಕೆ ತಂದು ತೋರಿಸಿದ. ‘ಹಳೆಯ ಟ್ಯಾಂಕುಗಳನ್ನು ಕಿತ್ತೊಗೆದು ಭವಿಷ್ಯಕ್ಕೆ ಜಾಗ ಮಾಡಿಕೊಡಿ’ ಎಂದು ತಾವೇ ಬರೆದಿದ್ದಿರಿ. ಗುಜರಿಯವನು ಬಂದು ಟ್ಯಾಂಕು ಎತ್ತಿಕೊಂಡು ಹೋದ. ನಾವು ಜಾಗ ಮಾಡಿಕೊಟ್ಟೆವು. ಭವಿಷ್ಯ ಬಂದು ಅಲ್ಲಿ ಸೈಕಲ್ಲು ನಿಲ್ಲಿಸಿಕೊಂಡಿತು.

ಎರಡು ವರ್ಷ ಸುಖವಾಗಿದ್ದೆವು ಎಂಬುದನ್ನು ಕೃತಜ್ಞತೆಯಿಂದ ದಾಖಲಿಸುತ್ತೇನೆ. ಉರಿ ತಿಳಿಯಾಗಿತ್ತು, ಗಾಜಿನಲ್ಲಿ ಮಸಿಯ ಚುಕ್ಕೆ ಬೀಳುವುದು ನಿಂತಿತ್ತು, ಪಕ್ಕದ ಮನೆಯವರು ಬಿಳಿ ಬಟ್ಟೆ ಒಗೆಯಲು ಶುರುಮಾಡಿದ್ದರು. ಊದಣ್ಣನೇ ಒಂದು ದಿನ, “ಉರಿ ಒಳ್ಳೇದು ಕಣಮ್ಮ, ಸುಳ್ಳು ಹೇಳಬಾರದು” ಎಂದ. ಅವನ ಬಾಯಿಂದ ಹೊಗಳಿಕೆ ಬರುವುದು ಅಪರೂಪ. ತಮಗೆ ಬಂದ ಪ್ರಶಸ್ತಿಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿಕೊಳ್ಳಬಹುದು.

ಆಮೇಲೆ ಬೆಲೆ ಎಷ್ಟು ಇಳಿಯಿತೆಂದರೆ, ಬಂಡೆ ಒಡೆಯುವವರಿಗೇ ಅದು ಗಿಟ್ಟದಾಯಿತು. ಅವರು ಕೊರೆಯುವ ಯಂತ್ರಗಳನ್ನು ಮಡಚಿಟ್ಟರು. ಈ ಬಗೆಯ ಬಾವಿ ಮೊದಲ ವರ್ಷ ಭೋರೆಂದು ಕೊಟ್ಟು ಎರಡನೆಯ ವರ್ಷಕ್ಕೇ ಸೊರಗುತ್ತದೆ, ಹೊಸದನ್ನು ಕೊರೆಯುತ್ತಲೇ ಇರಬೇಕು ಎಂಬ ಸಣ್ಣ ಸಂಗತಿಯನ್ನು ತಾವು ಆಗ ಬರೆದಿರಿ. ನೂರು ವರ್ಷದ ಮಾತು ಮೊದಲ ಪುಟದಲ್ಲಿ ಬಂದಿತ್ತು, ಇದು ಒಂಬತ್ತನೆಯ ಪುಟದಲ್ಲಿ, ಟೈರಿನ ಜಾಹೀರಾತಿನ ಕೆಳಗೆ. ಅದೇ ಹೊತ್ತಿಗೆ ಅನಿಲವನ್ನು ಹಿಮಕ್ಕಿಂತಲೂ ಹೆಚ್ಚು ತಣಿಸಿ, ದ್ರವವಾಗಿಸಿ ಹಡಗಿಗೆ ತುಂಬುವ ಬಂದರು ತಯಾರಾಯಿತು. ‘ನಮ್ಮ ಅನಿಲ ಲೋಕ ನೋಡಲು ಹೊರಟಿದೆ’ ಎಂಬ ತಮ್ಮ ಅಂಕಣ ಬಹಳ ಹೃದ್ಯವಾಗಿತ್ತು. ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಲೋಕ ನೋಡಿಲ್ಲ. ಅನಿಲವಾದರೂ ನೋಡಲಿ ಎಂದುಕೊಂಡೆವು. ಆದರೆ ಅಲ್ಲಿಂದಾಚೆಗೆ ನಮ್ಮ ಶೆಡ್ಡಿನ ಉರಿಯ ಬೆಲೆಯನ್ನು, ಹೆಸರೂ ಸರಿಯಾಗಿ ಉಚ್ಚರಿಸಲು ಬಾರದ ಯಾವುದೋ ದೇಶದಲ್ಲಿ ಯಾರಿಗೋ ಎಷ್ಟು ಚಳಿಯಾಗಿದೆ ಎಂಬುದು ನಿರ್ಧರಿಸತೊಡಗಿತು.

ಕೊನೆಗೆ ಚಳಿ ನಮ್ಮಲ್ಲಿಗೇ ಬಂತು. ನಲ್ಲಿಯ ನೀರು ಹೆಪ್ಪುಗಟ್ಟಿದ ಆ ವಾರ, ದೂರದ ಅನಿಲ ಬಾವಿಗಳ ಬಾಯಿಯೂ ಹೆಪ್ಪುಗಟ್ಟಿತಂತೆ. ಬೆಳಿಗ್ಗೆ ಎಂಟು ಗಂಟೆಗೆ ಫೋನಿಗೆ ಸಂದೇಶ ಬಂತು: ‘ಮಾನ್ಯ ಹೊಂದಾಣಿಕೆಯ ಗ್ರಾಹಕರೇ, ಮಧ್ಯಾಹ್ನ ಎರಡು ಗಂಟೆಯಿಂದ ತಮ್ಮ ಪೂರೈಕೆ ನಿಲ್ಲಲಿದೆ. ಸಹಕಾರಕ್ಕೆ ಮುಂಗಡ ಧನ್ಯವಾದ.’ ಮನೆಗಳಿಗೆ, ಆಸ್ಪತ್ರೆಗಳಿಗೆ ಮೊದಲು ಎನ್ನುವುದು ನ್ಯಾಯ, ಅದಕ್ಕೆ ನನ್ನ ತಕರಾರಿಲ್ಲ. ಹಡಗು ಮಾತ್ರ ಅದೇ ವಾರ ಹೊಟ್ಟೆ ತುಂಬಿಸಿಕೊಂಡು ಹೊರಟಿತೆಂದು ತಮ್ಮ ಪತ್ರಿಕೆಯಲ್ಲೇ ಓದಿದೆ.

ಸಹಾಯವಾಣಿಗೆ ಕರೆ ಮಾಡಿ, ಅದು ಒತ್ತೆಂದ ಗುಂಡಿಗಳನ್ನೆಲ್ಲ ಒತ್ತಿ, ಕೊನೆಗೆ ಮನುಷ್ಯರ ಧ್ವನಿ ಸಿಕ್ಕಾಗ, ಕುಲುಮೆಯನ್ನು ಹಾಗೆ ಆರಿಸಲಾಗದು, ನಿಧಾನವಾಗಿ ತಣಿಸಲು ಎರಡು ವಾರವಾದರೂ ಬೇಕು ಎಂದು ವಿವರಿಸಿದೆ. “ವಾಲ್ವು ತಿರುಗಿಸಿದ್ರೆ ಆಯ್ತಲ್ಲ ಮೇಡಂ” ಎಂದಿತು ಆ ಧ್ವನಿ. ಬೈಯುವ ಮನಸ್ಸಾಗಲಿಲ್ಲ. ಅದೂ ಯಾರದೋ ಮನೆಯ ಮಗು, ಗಾಜು ಅಂಗಡಿಯಲ್ಲಿ ಹುಟ್ಟುತ್ತದೆಂದು ತಿಳಿದಿರಬೇಕು.

ನನ್ನ ತಮ್ಮ ಗುಜರಿ ಅಂಗಡಿಗೆ ಓಡಿದ. ಟ್ಯಾಂಕನ್ನು ಎಂದೋ ಕತ್ತರಿಸಿ, ತಗಡು ಮಾಡಿ, ಮಾರಿಯಾಗಿತ್ತು. ಅವನು ಬರಿಗೈಯಲ್ಲಿ ಬಂದು ಬಾಗಿಲಲ್ಲೇ ನಿಂತಾಗ ಊದಣ್ಣ ಅವನ ಮುಖ ನೋಡಿದ, ಟ್ಯಾಂಕಿನ ಮಾತೆತ್ತಲಿಲ್ಲ. “ಬಾ, ಸೌಟು ಹಿಡಿ. ಒಳಗಿರೋ ಪಾಕ ತೆಗೆದಷ್ಟೂ ಇಟ್ಟಿಗೆ ಉಳಿಯುತ್ತೆ” ಎಂದ, ಅಷ್ಟೇ.

ಆ ಆರು ಗಂಟೆಗಳನ್ನು ತಾವು ನೋಡಬೇಕಿತ್ತು. ಎಂಟು ಜನ ಕೆಲಸಗಾರರು, ನಾನು, ನನ್ನ ತಮ್ಮ ಸೇರಿ ಉದ್ದ ಹಿಡಿಯ ಕಬ್ಬಿಣದ ಸೌಟುಗಳಲ್ಲಿ ಕೆಂಪಗೆ ಕುದಿಯುವ ಗಾಜನ್ನು ಮೊಗೆದು ಹೊರಗಿನ ಮರಳಿಗೆ ಸುರಿದೆವು. ಹೊರಗೆ ಹೆಪ್ಪುಗಟ್ಟುವ ಚಳಿ, ಒಳಗೆ ಹುಬ್ಬು ಸುಡುವ ಶಾಖ. ಬಾಗಿಲು ದಾಟಿದಾಗಲೆಲ್ಲ ಬೆವರು ಬೆನ್ನಮೇಲೆ ತಣ್ಣಗಾಗುತ್ತಿತ್ತು. ಅಮ್ಮ ಚಹಾ ಹೊತ್ತು ತಂದವರು ಹಿಂತಿರುಗದೆ ನೀರಿನ ಬಕೆಟ್ಟಿನ ಪಕ್ಕ ನಿಂತು, ಒಬ್ಬೊಬ್ಬರ ತೋಳಿಗೂ ಒದ್ದೆ ಬಟ್ಟೆ ಸುತ್ತಿದರು. ಸೌಟು ಹಿಡಿದು ಅಭ್ಯಾಸವಿಲ್ಲದ ನನ್ನ ತಮ್ಮನ ಅಂಗೈಯ ಚರ್ಮ ಸುಲಿದಿತ್ತು, ಬಿಡು ಎಂದರೂ ಬಿಡಲಿಲ್ಲ. ಎರಡು ಗಂಟೆಯ ಹೊತ್ತಿಗೆ ಅರ್ಧದಷ್ಟು ಪಾಕ ತೆಗೆದಿದ್ದೆವು. ಕಂಪನಿಯ ಸಮಯಪಾಲನೆಯನ್ನು ಮೆಚ್ಚಬೇಕು, ಎರಡಕ್ಕೆ ಸರಿಯಾಗಿ ಉರಿ ಗಿಡ್ಡವಾಯಿತು, ನೀಲಿಯಾಯಿತು, ಹೋಯಿತು. ಹನ್ನೊಂದು ವರ್ಷದಿಂದ ಎಡೆಬಿಡದೆ ಮೊರೆಯುತ್ತಿದ್ದ ಸದ್ದು ನಿಂತಿತು. ಆ ಸದ್ದಿನ ಮೇಲೆ ಕೂಗಿ ಮಾತಾಡಿ ರೂಢಿಯಾಗಿದ್ದ ನಾವು, ನಿಶ್ಶಬ್ದವಾದ ಶೆಡ್ಡಿನಲ್ಲಿ ಕೆಲಹೊತ್ತು ಒಬ್ಬರಿಗೊಬ್ಬರು ಕೂಗಿಕೊಂಡೇ ಮಾತಾಡಿದೆವು.

ಇಟ್ಟಿಗೆ ಸೀಳುವ ಸದ್ದು ಮರುದಿನ ಮಧ್ಯಾಹ್ನ ಕೇಳಿತು, ಮರದ ಹಲಗೆ ಮುರಿದಂತೆ. ನಾಲ್ಕನೆಯ ದಿನ ಊದಣ್ಣ ಕುಲುಮೆಯ ಬಳಿ ಹೋಗಿ ಅದರ ಗೋಡೆಗೆ ಅಂಗೈ ಒತ್ತಿ ನಿಂತ. “ಹನ್ನೊಂದು ವರ್ಷ ಇದರ ಮುಂದೆ ನಿಂತೆ. ಮುಟ್ಟಿದ್ದು ಇವತ್ತೇ” ಎಂದ. ನನ್ನ ತಮ್ಮ ಹೊರಗೆ ಹೋದ. ಅದೇ ಸಂಜೆ ಅನಿಲ ಮರಳಿ ಬಂತು, ಜೊತೆಗೆ ‘ತಮ್ಮ ಅಮೂಲ್ಯ ಹೊಂದಾಣಿಕೆಗೆ ವಂದನೆ’ ಎಂಬ ಸಂದೇಶವೂ ಬಂತು. ಸೀಳಿದ ಕುಲುಮೆಗೆ ಅದನ್ನು ಓದಿ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಈಗ ಶೆಡ್ಡಿನಲ್ಲಿ ನಾನೂ ಹಳೆಯ ಕೆಲಸಗಾರರಲ್ಲಿ ಮೂವರೂ ಒಡೆದ ಗಾಜು ವಿಂಗಡಿಸಿ ದೂರದ ದೊಡ್ಡ ಕಾರ್ಖಾನೆಗೆ ಕಳಿಸುತ್ತೇವೆ. ಉಳಿದವರು ಸಿಕ್ಕ ಸಿಕ್ಕ ಕೆಲಸ ಹಿಡಿದರು. ಊದಣ್ಣ ತರಕಾರಿ ಕೆಡದಂತಿಡುವ ಶೀತಲಗೃಹದಲ್ಲಿ ಕಾವಲುಗಾರ. ಕೇಳಿದರೆ ಅವನೇ ನಗುತ್ತಾನೆ, ನಮಗೇ ನಗು ಬರುವುದಿಲ್ಲ. ನನ್ನ ತಮ್ಮ ಮೂರು ತಿಂಗಳು ನನ್ನ ಮುಖ ನೋಡಿ ಮಾತಾಡಲಿಲ್ಲ. ಸಹಿ ನನ್ನದು ಕಣೋ ಎಂದರೆ, “ಓದಿ ಹೇಳಿದ್ದು ನಾನಲ್ವಾ ಅಕ್ಕ” ಎನ್ನುತ್ತಿದ್ದ. ಈಚೆಗೆ ಬೀದಿಯ ಸಣ್ಣಪುಟ್ಟ ಕಾರ್ಖಾನೆಗಳಿಗೆ ಹೋಗಿ, ಅವರು ಸಹಿ ಹಾಕುವ ಮೊದಲು ಫಾರಂನ ಹಿಂಬದಿಯ ಸಣ್ಣ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಾನೆ. ಬೇಕರಿಯವರು, ಬಟ್ಟೆಗೆ ಬಣ್ಣ ಹಾಕುವವರು ಅವನಿಂದ ಓದಿಸಿಕೊಂಡು ಹೊಂದಾಣಿಕೆ ಬೇಡವೆಂದು ಹಿಂದೆ ಸರಿದಿದ್ದಾರೆ. ತಮ್ಮ ಅಂಕಣದಿಂದ ಒಬ್ಬ ಒಳ್ಳೆಯ ಓದುಗ ತಯಾರಾದ.

ಮಾನ್ಯರೇ, ತಮ್ಮಲ್ಲಿ ನನ್ನ ಬೇಡಿಕೆಗಳು ಸಣ್ಣವು. ಬಂಡೆಯನ್ನು ಇನ್ನೊಮ್ಮೆ ಒಡೆಯುವಾಗ, ಕೊಡುವುದಾದರೆ ನೂರು ವರ್ಷ ಒಂದೇ ಸಮನೆ ಕೊಡುವೆನೆಂದು ಅದರಿಂದಲೂ ಒಂದು ಫಾರಂಗೆ ಸಹಿ ಪಡೆಯಿರಿ. ಚಳಿಗೆ ಮುಂಚಿತವಾಗಿ ಸಂದೇಶ ಕಳಿಸಿ, ಕೆಲಸದ ದಿನಗಳನ್ನು ಬಿಟ್ಟು ಬರುವಂತೆ ಕೋರಿ. ಲೋಕ ನೋಡಲು ಹೋದ ಅನಿಲ ಎಲ್ಲಿ ಹೇಗಿದೆಯೆಂದು ಆಗಾಗ ಒಂದು ಸಾಲು ಬರೆಯುವಂತೆ ಅದಕ್ಕೆ ಹೇಳಿ, ಅಮ್ಮ ವಿಚಾರಿಸುತ್ತಿರುತ್ತಾರೆ. ಇವಿಷ್ಟೂ ತಮ್ಮಂಥವರಿಗೆ ಸಾಧ್ಯವಾದೀತು. ಅಸಾಧ್ಯವಾದ ಒಂದನ್ನು ಸಂಕೋಚದಿಂದಲೇ ಕೇಳುತ್ತೇನೆ: ‘ಹೊಂದಾಣಿಕೆಯ ಗ್ರಾಹಕ’ ಎಂಬಲ್ಲಿ ‘ಆರೇ ಗಂಟೆ ಮುಂಚೆ ತಿಳಿಸಿ ನಿಮ್ಮ ಉರಿ ಆರಿಸುತ್ತೇವೆ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿ.

ಕಳೆದ ಸೋಮವಾರದ ಅಂಕಣವನ್ನು ನಾನೇ ಓದಿದೆ. ಬೆಲೆ ಮತ್ತೆ ತಗ್ಗಿದೆಯೆಂದೂ, ‘ಸಣ್ಣ ಕೈಗಾರಿಕೆಗಳ ಬೇಡಿಕೆ ಸಹಜವಾಗಿ ಕುಸಿದಿರುವುದೇ’ ಕಾರಣವೆಂದೂ, ಇದು ಮಾರುಕಟ್ಟೆ ಆರೋಗ್ಯವಾಗಿರುವುದರ ಲಕ್ಷಣವೆಂದೂ ಬರೆದಿದ್ದೀರಿ. ಆ ಕುಸಿದ ಬೇಡಿಕೆ ನಾವೇ. ರೈಲು ಹಳಿಯ ಪಕ್ಕದ ಶೆಡ್ಡು, ಹಗಲು ಹೊತ್ತಿನಲ್ಲಿ ಯಾವಾಗ ಬಂದರೂ ನೋಡಬಹುದು. ಸಹಜವಾಗಿ ಕುಸಿದದ್ದು ಹೇಗಿರುತ್ತದೆಂದು ಕೈಯಿಟ್ಟು ನೋಡಿಕೊಂಡು ಹೋಗಿ, ಈಗ ಅದು ಯಾರ ಕೈಯನ್ನೂ ಸುಡುವುದಿಲ್ಲ.

ಇನ್ನೂ ಪತ್ರಿಕೆ ತರಿಸುತ್ತಿರುವ,
ತಮ್ಮ ವಿಶ್ವಾಸಿ,
ಗಾಜಿನ ಕಾರ್ಖಾನೆಯ ಒಡತಿ

ಮರೆತ ಮಾತು: ತಮ್ಮ ಕಂಪನಿಯ ವಾರ್ಷಿಕ ಸಮಾರಂಭಕ್ಕೆ, ಅತಿಥಿಗಳಿಗೆ ಕೊಡಲು ಜ್ವಾಲೆಯ ಆಕಾರದ ಇನ್ನೂರು ಗಾಜಿನ ಸ್ಮರಣಿಕೆ ಬೇಕೆಂದು ತಮ್ಮದೇ ಕಚೇರಿಯಿಂದ ನಿನ್ನೆ ಪತ್ರ ಬಂದಿದೆ. ನಮ್ಮನ್ನು ನೆನಪಿಟ್ಟುಕೊಂಡದ್ದಕ್ಕೆ ಕೃತಜ್ಞಳು. ಅಚ್ಚು ನಮ್ಮಲ್ಲಿದೆ, ಬೆಂಕಿ ತಮ್ಮಲ್ಲಿದೆ. ಅಚ್ಚನ್ನು ಅಂಚೆಯಲ್ಲಿ ಕಳಿಸುತ್ತಿದ್ದೇನೆ, ತಾವೇ ಊದಿಕೊಳ್ಳಬೇಕಾಗಿ ವಿನಂತಿ. ಊದುವ ಅಭ್ಯಾಸ ತಮಗೆ ಮೊದಲಿನಿಂದಲೂ ಇದೆ.