ನನ್ನ ಪಟಕ್ಕೆ ಬಿದ್ದ ಹಾರ

ಅಧಿಕಾರದ ಆಸೆಯೇ ಇಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ಏಕೆಂದರೆ ಜಿಗಣಿಯ ಬೋಲ್ಟ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಹಾಗೆ ಹೇಳಿಕೊಂಡು ಓಡಾಡಿದವನು ನಾನೇ. ಟೀ ಕುಡಿಯುವಾಗ ನನ್ನ ನೆಚ್ಚಿನ ವಿಷಯ ಹಳೆಯ ರೋಮ್. ಗೆದ್ದು ಬಂದ ಸೇನಾಪತಿ ರಥದಲ್ಲಿ ಮೆರೆಯುತ್ತಿದ್ದರೆ, ಹಿಂದೆ ನಿಂತ ಗುಲಾಮನೊಬ್ಬ ನೀನೂ ಒಂದು ದಿನ ಸಾಯುವವನೇ ಎಂದು ಅವನ ಕಿವಿಯಲ್ಲಿ ನೆನಪಿಸುತ್ತಿದ್ದನಂತೆ. “ನಮ್ಮ ಮ್ಯಾನೇಜರಿಗೂ ಅಂಥವನೊಬ್ಬ ಬೇಕು ಕಣ್ರೀ” ಎಂದು ನಾನು ಹೇಳಿದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಆಮೇಲೆ ಆ ಮ್ಯಾನೇಜರು ನಿವೃತ್ತರಾದರು, ಕುರ್ಚಿ ನನಗೆ ಬಂತು. ರೋಮಿನ ಮಾತನ್ನು ನಾನು ಅಲ್ಲಿಗೇ ಬಿಟ್ಟೆ.

ಮ್ಯಾನೇಜರಾದವರ ಪಟವನ್ನು ಆಫೀಸಿನ ಗೋಡೆಗೆ ಹಾಕುವುದು ನಮ್ಮಲ್ಲಿನ ಪದ್ಧತಿ. ನಾನು ಮದುವೆಯಾದ ವರ್ಷ ತೆಗೆಸಿದ ಫೋಟೋ ಕೊಟ್ಟೆ. ಅದರಲ್ಲಿ ತಲೆ ತುಂಬ ಕೂದಲಿದೆ. “ಇದು ಯಾರ್ರೀ?” ಎಂದು ಹೆಂಡತಿಯೇ ಕೇಳಿದಳು. ಹೊಟ್ಟೆಕಿಚ್ಚು ಎಂದುಕೊಂಡೆ.

ಆಯುಧಪೂಜೆಯ ರಜೆ ಮುಗಿದ ದಿನ ಪೀಣ್ಯದಿಂದ ಮಷೀನ್ ಆಯಿಲ್ ಮಾರುವ ಹೊಸಬರೊಬ್ಬರು ಬಂದರು. ನಾನು ಕ್ಯಾಬಿನ್ನಿನಿಂದ ಹೊರಬಂದಾಗ ಅವರು ಶೂ ಬಿಚ್ಚಿಟ್ಟು, ಗೋಡೆಯ ಮುಂದೆ ಕೈಮುಗಿದು ನಿಂತಿದ್ದರು. ಅಲ್ಲಿ ನನ್ನ ಪಟಕ್ಕೆ ದಪ್ಪನೆಯ ಚೆಂಡುಹೂವಿನ ಹಾರ!

“ಪಾಪ, ಚಿಕ್ಕ ವಯಸ್ಸು. ಯಾವಾಗ ಹೋದ್ರು ಸಾರ್?”

ಅದು ನಾನೇ ಎನ್ನೋಣವೆಂದರೆ ಬೋಳುತಲೆ ಅಡ್ಡ ಬಂತು. “ಈಚೆಗೆ” ಎಂದೆ.

“ಒಳ್ಳೇವ್ರಾ ಸಾರ್?”

“ಬಹಳ ಒಳ್ಳೇವ್ರು!”

ಅವರು ಒಳಗಿನ ಸದ್ದಿಗೆ ಕಿವಿಗೊಟ್ಟು ನಿಟ್ಟುಸಿರು ಬಿಟ್ಟರು. “ಆದ್ರೂ ನೋಡಿ ಸಾರ್, ಒಂದು ಮಷೀನೂ ನಿಂತಿಲ್ಲ.”

ರೋಮಿನ ಗುಲಾಮ ಇಷ್ಟು ಚೆನ್ನಾಗಿ ಹೇಳಿರಲಾರ. ನನಗೆ ನಿಜಕ್ಕೂ ಸಂಕಟವಾಯಿತು. ನಾನಿಲ್ಲದ ಒಂದು ದಿನ ಈ ಕಾರ್ಖಾನೆ ತಡವರಿಸುತ್ತದೆ ಎಂದು ನಂಬಿಕೊಂಡೇ ತಾನೇ ಜ್ವರದಲ್ಲೂ ಬರುತ್ತಿದ್ದದ್ದು?

ಅವರು ಹೋದ ಮೇಲೆ ಲೇತ್ ನಡೆಸುವ ಬಾಗಲಕೋಟೆಯ ನಿಂಗಪ್ಪನನ್ನು ಕರೆಸಿದೆ. ಪೂಜೆಯ ಹೂವಿನ ಉಸ್ತುವಾರಿ ಅವನದೇ.

“ಹೂವು ಉಳದಿತ್ರೀ ಸಾರ್. ಎಲ್ಲಾ ಮಷೀನಿಗೂ ಹಾಕಿದ್ವಿ. ನಿಮ್ಮೊಬ್ಬರನ್ನ ಬಿಟ್ರ ಬ್ಯಾಸರ ಮಾಡ್ಕೋತೀರಿ ಅಂತ ಹಾಕಿದೆ.”

“ಬದುಕಿರೋರ ಪಟಕ್ಕೆ ಹಾರ ಹಾಕ್ತಾರೇನಯ್ಯಾ?”

“ಖರೇ ಅಂದ್ರ, ಯಾರೋ ತೀರಿಕೊಂಡವರ ಪಟ ಅಂತ ಹಾಕಿದ್ದೆರೀ. ಅದು ನೀವಂತ ಆಮ್ಯಾಲೇ ಗೊತ್ತಾತ್ರೀ. ತೆಗೀಲೇನ್ರೀ?”

ನಾಳೆ ತೆಗಿ ಎಂದೆ. ಆ ನಾಳೆ ಬರುವಷ್ಟರಲ್ಲಿ ಒಂದು ವಾರ ಕಳೆದು, ಆಯಿಲ್‌ನವರು ಮತ್ತೆ ಬಂದರು. ಮತ್ತೆ ಶೂ ಬಿಚ್ಚಿ, ಕಣ್ಣು ಮುಚ್ಚಿ, ಪಟಕ್ಕೆ ಕೈಮುಗಿದರು. ಆಮೇಲೆ ಶೂ ಹಾಕಿಕೊಂಡು ಬಂದು, ನನ್ನ ಮುಂದೆ ಕಾಲಮೇಲೆ ಕಾಲು ಹಾಕಿ ಕೂತರು.

ಇಪ್ಪತ್ತೆರಡು ವರ್ಷದಲ್ಲಿ ನನಗಾಗಿ ಯಾರೂ ಶೂ ಬಿಚ್ಚಿದವರಲ್ಲ. ಅವರು ಹೊರಟ ಮೇಲೆ ನಿಂಗಪ್ಪನನ್ನು ಕರೆದು, “ಆ ಹಾರ ಬಾಡಿದೆ ನೋಡು, ಹೊಸದು ಹಾಕು” ಎಂದೆ.